ಕಸ ಒತ್ತುವ ಮೆಷಿನ್ ಮಳೆ ಶುರುವಾದಾಗಿನಿಂದ ವಾಪಸ್ ಬರುವಾಗ ನಿಲ್ಲುತ್ತಿದೆ, ಆಯಿಲ್ ಬೇರೆ ಬೆಳ್ಳಗಾಗಿದೆ. ಎಂತ ಮಾಡುವುದು?

ಅಘನಾಶಿನಿ ದಂಡೆ (ಸೋಮವಾರ ಬೆಳಿಗ್ಗೆ)

ನಮಸ್ಕಾರ ಎಲ್ಲರಿಗೂ. ಕುಮಟಾ ಹತ್ತಿರ ಹೈವೇ ಪಕ್ಕ ನಮ್ಮ ಮಾವನ ಲಾಡ್ಜು, ಊಟದ ಹೋಟೆಲು, ಹಿಂದುಗಡೆ ಮದುವೆ ಹಾಲ್ ಇದೆ. ಪಂಪು, ಜನರೇಟರ್, ನೀರು, ಕಸ ಎಲ್ಲ ನನ್ನ ತಲೆ ಮೇಲೆ. ಕಸ ಜಾಸ್ತಿ ಆಯಿತು ಅಂತ ಗೋವಾ ಕಡೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಕಾಂಪ್ಯಾಕ್ಟರ್ ತಂದು ಕೂರಿಸಿದ್ದೇವೆ. ಬಾಗಿಲಲ್ಲಿ ಕಸ ಹಾಕಿದರೆ ಹೈಡ್ರಾಲಿಕ್ ಪ್ಲೇಟು ಮುಂದಿನ ಡಬ್ಬಕ್ಕೆ ತಳ್ಳಿ ಒತ್ತುತ್ತದೆ. ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ.

ಈಗ ಎರಡು ಸಮಸ್ಯೆ. ಪ್ಲೇಟು ಮುಂದೆ ಸರಿಯಾಗಿ ಹೋಗುತ್ತದೆ, ವಾಪಸ್ ಬರುವಾಗ ಒಂದು ಗೇಣು ಬಾಕಿ ಇದ್ದಂತೆ ನಿಂತುಬಿಡುತ್ತದೆ. ಮೆಷಿನ್ ಗುಂಯ್ ಅನ್ನುತ್ತಾ ಇರುತ್ತದೆ, ಸ್ವಲ್ಪ ಹೊತ್ತಿಗೆ ಟ್ರಿಪ್. ಎರಡನೆಯದು, ಟ್ಯಾಂಕಿನ ಗಾಜಿನಲ್ಲಿ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದೆ.

ಸದ್ಯಕ್ಕೆ ಕೆಲಸ ನಿಂತಿಲ್ಲ. ಹುಡುಗ ಬಾಗಿಲು ತೆಗೆದು ಬಿದಿರಿನ ಕೋಲಿನಿಂದ ಮೂಲೆಯ ಕಸ ಎಬ್ಬಿಸಿದರೆ ಮತ್ತೆ ಹೊರಡುತ್ತದೆ. ಬಾಗಿಲು ತೆಗೆದ ಕೂಡಲೇ ಮೆಷಿನ್ ಆಫ್ ಆಗುತ್ತಿತ್ತು, ಅದಕ್ಕೆ ಆ ಸ್ವಿಚ್ಚಿಗೆ ತಂತಿ ಕಟ್ಟಿದ್ದೇವೆ. ಪ್ಲೇಟು ಕೊನೆ ಮುಟ್ಟಿದಾಗ ನಿಲ್ಲಿಸುವ ಲಿಮಿಟ್ ಸ್ವಿಚ್ ಬದಲಿಸಬೇಕಾ? ಪಂಪೇ ಹೋಗಿದೆಯಾ? ಗೊತ್ತಿದ್ದವರು ಹೇಳಿ.

ಕೋಡಿಬಾಗ ಫಿಟ್ಟರ್

ತಂತಿ ಮೊದಲು ಬಿಚ್ಚಿ. ಉಳಿದದ್ದು ಆಮೇಲೆ ಮಾತಾಡೋಣ.

ಸುಂಗಟೆ ಸಾರು

ಮಳೆಗಾಲದಲ್ಲಿ ಮದುವೆಯೇ ಇಲ್ಲ, ಕಸ ಎಲ್ಲಿಂದ ಬಂತು ಮಾರಾಯ?

ಅಘನಾಶಿನಿ ದಂಡೆ

ಲಾಡ್ಜು ನಡೆಯುತ್ತದಲ್ಲ. ಶನಿವಾರ ಬಂತೆಂದರೆ ಗೋಕರ್ಣ, ಮುರ್ಡೇಶ್ವರ ಅಂತ ಹೊರಟವರೆಲ್ಲ ಇಲ್ಲೇ ಇಳಿಯುತ್ತಾರೆ. ನೀರಿನ ಬಾಟಲಿ, ರಟ್ಟು, ಎಳನೀರು ಬುರುಡೆ ಇದೇ ಒಂದು ರಾಶಿ.

ಫಿಟ್ಟರ್ ಅವರೇ, ತಂತಿ ಬಿಚ್ಚಿದರೆ ಕೋಲು ಹಾಕುವಾಗ ಪ್ಲೇಟು ಅಲ್ಲಾಡುವುದೇ ಇಲ್ಲ. ಮತ್ತೆ ಹೇಗೆ ಬಿಡಿಸುವುದು? ಹುಡುಗ ಹುಷಾರಿದ್ದಾನೆ, ಹೊಸಬ ಅಲ್ಲ.

ಭಟ್ಕಳ ಟು ದುಬೈ

ಅಣ್ಣ, ನಾನು ಇಲ್ಲಿ ಮಾಲ್ ಒಂದರಲ್ಲಿ ಫೆಸಿಲಿಟಿ ಕೆಲಸದಲ್ಲಿದ್ದೇನೆ. ಇಂಥದ್ದೇ ಮೆಷಿನ್‌ಗಳು ನಮ್ಮ ನೆಲಮಾಳಿಗೆಯಲ್ಲಿ ಸಾಲಾಗಿ ನಿಂತಿವೆ. ಒಂದು ಲೆಕ್ಕ ಹೇಳುತ್ತೇನೆ ಕೇಳಿ. 6 ಇಂಚಿನ ಸಿಲಿಂಡರ್, 140 ಬಾರ್ ಒತ್ತಡ ಅಂದುಕೊಳ್ಳಿ, ಈ ಗಾತ್ರದ ಮೆಷಿನ್‌ಗಳಲ್ಲಿ ಅದು ಸಾಮಾನ್ಯ. ಪ್ಲೇಟು ತಳ್ಳುವ ಬಲ ಸುಮಾರು 26 ಟನ್. ಆ ಕೋಲು ಪ್ಲೇಟಿಗೂ ಬಾಗಿಲಿನ ಅಂಚಿಗೂ ನಡುವೆ ಸಿಕ್ಕಿದರೆ ಒಂದೋ ಮುರಿದು ಚೂರು ಮುಖಕ್ಕೆ ಹಾರುತ್ತದೆ, ಇಲ್ಲ ಹಿಡಿದವನ ಕೈಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಹುಷಾರಿದ್ದವನಿಗೂ ಕೋಲು ಬಿಡಬೇಕು ಅಂತ ಹೊಳೆಯುವಷ್ಟು ಸಮಯ ಸಿಗುವುದಿಲ್ಲ.

ಇನ್ನೊಂದು, ಕೆಂಪು ಎಮರ್ಜೆನ್ಸಿ ಬಟನ್ ಒತ್ತಿದರೆ ಕರೆಂಟ್ ಹೋಯಿತು ಅಂತ ಸುಮಾರು ಜನ ತಿಳಿದಿದ್ದಾರೆ. ಅದು ಬಟನ್‌ಗಳ ಕಂಟ್ರೋಲ್ ಲೈನ್ ಮಾತ್ರ ಕಡಿಯುತ್ತದೆ. ಪ್ಯಾನೆಲ್ ಒಳಗೆ ಮೂರೂ ಫೇಸ್ ಜೀವಂತ. ಒಳಗೆ ಕೈ ಹಾಕುವ ಮೊದಲು ಮೇನ್ ಐಸೊಲೇಟರ್ (ಪೂರ್ತಿ ಕರೆಂಟ್ ಕಡಿಯುವ ದೊಡ್ಡ ಸ್ವಿಚ್) ಕೆಳಗಿಳಿಸಿ, ಅದರ ತೂತಿಗೆ ಸ್ವಂತ ಬೀಗ ಹಾಕಿ, ಕೀ ಸ್ವಂತ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ. ಆಮೇಲೆ ಹಸಿರು ಬಟನ್ ಒಮ್ಮೆ ಒತ್ತಿ ಮೆಷಿನ್ ಏಳುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು.

ನಮ್ಮಲ್ಲಿ ಒಬ್ಬ ಬೀಗ ಹಾಕಿ, ಸೊಂಟದ ತನಕ ಬಗ್ಗಿ ರಟ್ಟು ಎಳೆಯುತ್ತಿದ್ದ. ಅಂಗಡಿಯ ಹುಡುಗನೊಬ್ಬ ಟ್ರಾಲಿ ತಂದು, ಈ ಕಡೆಯಿಂದ ಯಾರೂ ಕಾಣದೆ ಹಸಿರು ಬಟನ್ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಮತ್ತೆ ಒತ್ತಿದ. ಕೊನೆಗೆ "ಮೆಷಿನ್ ಕೆಟ್ಟಿದೆ" ಅಂತ ಆಫೀಸಿಗೆ ಬಂದು ಕಂಪ್ಲೇಂಟ್ ಬರೆಸಿದ. ಆ ಕಂಪ್ಲೇಂಟ್ ಪುಸ್ತಕ ಈಗಲೂ ನಮ್ಮಲ್ಲಿದೆ.

ಅಡಿಕೆ ಸಿಪ್ಪೆ (ಶಿರಸಿ)

ದುಬೈ ಲೆಕ್ಕ ಎಲ್ಲ ಸರಿ ಭಾವ, ಆದರೆ ಅವನು ಕೇಳಿದ್ದು ಯಾಕೆ ನಿಲ್ಲುತ್ತದೆ ಅಂತ. ನನಗೆ ಅನಿಸುವುದು ಲಿಮಿಟ್ ಸ್ವಿಚ್. ಕರಾವಳಿಯ ಉಪ್ಪು ಗಾಳಿಗೆ ಅದರ ರೋಲರ್ ಹಿಡಿದುಕೊಂಡಿರುತ್ತದೆ. ಹೊಸದು ಹಾಕಿದರೆ ಮುಗಿಯಿತು.

ಕೋಡಿಬಾಗ ಫಿಟ್ಟರ್

ಲಿಮಿಟ್ ಸ್ವಿಚ್ ಅಲ್ಲ, ಪಂಪೂ ಅಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ಹೇಳುತ್ತಿದ್ದೇನೆ.

ಪಂಪ್ ಹೋಗಿದ್ದರೆ ಮುಂದಕ್ಕೂ ಒತ್ತುತ್ತಿರಲಿಲ್ಲ. ಆ ಗುಂಯ್ ಸದ್ದು ರಿಲೀಫ್ ವಾಲ್ವಿನದು. ಪ್ಲೇಟಿಗೆ ಏನೋ ಅಡ್ಡ ಸಿಕ್ಕಿದೆ, ಒತ್ತಡ ಪೂರ್ತಿ ಏರಿದೆ, ಹೆಚ್ಚಾದ ಆಯಿಲ್ ಟ್ಯಾಂಕಿಗೆ ವಾಪಸ್ ಹೋಗುತ್ತಿದೆ. ಸ್ವಿಚ್ ಕೆಟ್ಟು ಅರ್ಧಕ್ಕೇ ಆಫ್ ಆಗಿದ್ದರೆ ಸದ್ದೇ ಇರುತ್ತಿರಲಿಲ್ಲ.

ಅಡ್ಡ ಸಿಕ್ಕಿದ್ದು ಎಲ್ಲಿ? ಪ್ಲೇಟಿನ ಹಿಂದೆ. ಪ್ಲೇಟು ಮುಂದೆ ಹೋದಾಗಲೆಲ್ಲ ಮೇಲಿಂದ, ಪಕ್ಕದಿಂದ ಸ್ವಲ್ಪ ಸ್ವಲ್ಪ ಕಸ ಜಾರಿ ಅದರ ಬೆನ್ನ ಹಿಂದೆ ಬೀಳುತ್ತದೆ. ಬೇಸಿಗೆಯಲ್ಲಿ ಒಣಗಿ ಸಡಿಲ ಇರುತ್ತದೆ, ಮಳೆಯಲ್ಲಿ ನೆನೆದು ಹೆಂಟೆ ಕಟ್ಟುತ್ತದೆ. ದಿನಾ ವಾಪಸ್ ಬರುವ ಪ್ಲೇಟು ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಒಂದು ಗೇಣು ಬಾಕಿ ಅಂದಿರಲ್ಲ, ಒಂದು ಗೇಣು ದಪ್ಪದ ಕಸದ ಗೋಡೆ ಅಲ್ಲಿದೆ.

ಮುಂದೆ ಹೋಗುವಾಗ ಯಾಕೆ ತೊಂದರೆ ಇಲ್ಲ ಅಂದರೆ, ಆಗ ಒತ್ತಡ ಬೀಳುವುದು ಇಡೀ ಪಿಸ್ಟನ್ ಮೇಲೆ. ವಾಪಸ್ ಬರುವಾಗ ರಾಡ್ ಕೂತ ಜಾಗ ಕಳೆದು ಉಳಿದಷ್ಟರ ಮೇಲೆ. ಹಾಗಾಗಿ ಎಳೆಯುವ ಬಲ ಯಾವಾಗಲೂ ತಳ್ಳುವ ಬಲಕ್ಕಿಂತ ಕಡಿಮೆ. ಮುಂದಿನ ಮೂಲೆಯಲ್ಲಿ ಕೋಲು ಹಾಕಿ ಏನೂ ಪ್ರಯೋಜನ ಇಲ್ಲ. ಹೊರಡುವುದು ಕೋಲಿನಿಂದ ಅಲ್ಲ, ಮತ್ತೆ ಸ್ಟಾರ್ಟ್ ಮಾಡಿದಾಗ ಮುಂದಕ್ಕೆ ಹೋಗುತ್ತದೆ ಅಷ್ಟೇ. ಆ ಹುಡುಗ ಸುಮ್ನೆ ಅಪಾಯಕ್ಕೆ ಕೈ ಕೊಡುತ್ತಿದ್ದಾನೆ.

ಮೆಷಿನ್ ಹಿಂದೆ ಬೋಲ್ಟ್ ಹಾಕಿದ ಒಂದು ಸಣ್ಣ ಮುಚ್ಚಳ ಇರುತ್ತದೆ, ನೋಡಿ.

ಅಘನಾಶಿನಿ ದಂಡೆ

ಹೌದು, ಇದೆ. ಗೋಡೆ ಕಡೆಗಿದೆ. ಅದು ಏನಕ್ಕೆ ಅಂತ ಕೊಟ್ಟವರು ಹೇಳಲೇ ಇಲ್ಲ.

ಕೋಡಿಬಾಗ ಫಿಟ್ಟರ್

ಕ್ಲೀನ್ ಮಾಡಲಿಕ್ಕೆ. ಗೋಡೆಗೆ ಒತ್ತಿ ಕೂರಿಸಿದ್ದೀರಿ ಅಂದರೆ ಇಲ್ಲಿವರೆಗೆ ಒಮ್ಮೆಯೂ ತೆಗೆದಿಲ್ಲ.

ಕ್ರಮ ಹೇಳುತ್ತೇನೆ. ಪ್ಲೇಟು ಪೂರ್ತಿ ಮುಂದೆ ಕಳಿಸಿ ನಿಲ್ಲಿಸಿ. ದುಬೈ ತಮ್ಮ ಹೇಳಿದ ಹಾಗೆ ಮೇನ್ ಆಫ್, ಬೀಗ. ಆಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ, ಅದು ತುಂಬಾ ಜನರಿಗೆ ಗೊತ್ತಿಲ್ಲ. ಒತ್ತಿದ ಕಸ ಉಬ್ಬಿ ಪ್ಲೇಟನ್ನು ಹಿಂದಕ್ಕೆ ತಳ್ಳಲೂಬಹುದು. ವಾಲ್ವಿನ ತುದಿಯಲ್ಲಿ ಕೈಯಿಂದ ಒತ್ತುವ ಪಿನ್ ಒತ್ತಿ ಗೇಜ್ ಸೊನ್ನೆಗೆ ಬಂತಾ ನೋಡಿ. ಪ್ಲೇಟು ಹಿಂದೆ ಬಾರದ ಹಾಗೆ ಗಟ್ಟಿ ಕಬ್ಬಿಣದ ಅಡ್ಡಕಟ್ಟು ಕೊಡಿ. ಮರದ ತುಂಡು ಬೇಡ. ಮುಚ್ಚಳ ತೆಗೆದು ಉದ್ದ ಹಿಡಿಕೆಯ ಕೊಕ್ಕೆಯಿಂದ ಹೊರಗೆ ನಿಂತೇ ಎಳೆಯಿರಿ. ತೂರಿ ಒಳಗೆ ಹೋಗುವ ಉಮೇದು ಯಾರಿಗೂ ಬೇಡ.

ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಬಾಗಿಲಿಗೆ ಕೋಲು ಹಾಕುವ ಪ್ರಸಂಗವೇ ಬರುವುದಿಲ್ಲ.

ಮೂರು ಫೇಸ್

ಎಲೆಕ್ಟ್ರಿಷಿಯನ್ ಕಡೆಯಿಂದ ಒಂದು ಮಾತು. ಫಿಟ್ಟರ್ ಹೇಳಿದ್ದು ಹೌದು, ಆದರೂ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಡಿದು ಮತ್ತೆ ಜೋಡಿಸುವಾಗ ಎರಡು ಫೇಸ್ ಅದಲು ಬದಲಾಗುವುದುಂಟು. ಆಗ ಮೋಟರ್ ಉಲ್ಟಾ ತಿರುಗುತ್ತದೆ. ನೀರಿನ ಪಂಪ್ ಆದರೆ ನೀರು ಕಡಿಮೆ ಬಂತು ಅಂತ ಗೊತ್ತಾಗುತ್ತದೆ. ಹೈಡ್ರಾಲಿಕ್ ಪಂಪ್ ಉಲ್ಟಾ ತಿರುಗಿದರೆ ಆಯಿಲ್ ಸಿಗದೆ ಒಣ ಓಡಿ ಒಳಗೇ ಸವೆದು ಹೋಗುತ್ತದೆ. ಫೇಸ್ ಅದಲು ಬದಲಾದರೆ ಮೋಟರ್ ಏಳದಂತೆ ತಡೆಯುವ ಫೇಸ್ ಸೀಕ್ವೆನ್ಸ್ ರಿಲೇ ಒಂದು ಹಾಕಿಸಿ. ಒಂದು ಫೇಸ್ ಹೋದರೂ ಅದು ಕಟ್ ಮಾಡುತ್ತದೆ. ಲೈನ್ ಕೆಲಸ ಆದ ದಿನ ಮೋಟರ್ ಮೇಲಿನ ಬಾಣದ ಗುರುತು ನೋಡಿಯೇ ಸ್ಟಾರ್ಟ್ ಮಾಡಿ.

ಅಡಿಕೆ ಸಿಪ್ಪೆ

ಅಂದರೆ ಕೊನೆಗೂ ಸ್ವಿಚ್ಚೇ ನೋಡಬೇಕು ಅಂತಾಯಿತು.

ಮೂರು ಫೇಸ್

ಇಲ್ಲ ಮಾರಾಯ್ರೆ, ಓದಿ.

ಬೈತಖೋಲ್ ಬೋಟು

ಆಯಿಲ್ ವಿಷಯ ಯಾರೂ ಎತ್ತಲಿಲ್ಲ. ನಾನು ಬೋಟಿನ ಇಂಜಿನ್ ಮತ್ತು ವಿಂಚ್ ಕೆಲಸದವನು. ಈಗ ಜೂನ್ ಜುಲೈ ಮೀನುಗಾರಿಕೆ ಬಂದ್ ಇರುವುದರಿಂದ ಪುರುಸೊತ್ತಾಗಿ ಬರೆಯುತ್ತೇನೆ.

ಬೆಳ್ಳಗಾಗಿದೆ ಅಂದರೆ ನೀರು ಸೇರಿದೆ. ಒಂದು ಬಾಟಲಿಯಲ್ಲಿ ಸ್ವಲ್ಪ ತೆಗೆದು ರಾತ್ರಿ ಇಡಿ. ಬೆಳಿಗ್ಗೆ ಅಡಿಯಲ್ಲಿ ನೀರು ಬೇರೆಯಾಗಿ ನಿಂತರೆ ತುಂಬಾ ಸೇರಿದೆ ಅಂತ. ಬೇರೆಯಾಗದೆ ಮಬ್ಬಾಗಿಯೇ ಉಳಿದರೆ ಹಂಚು ಕಾಯಿಸಿ ಒಂದೇ ಹನಿ ಹಾಕಿ. ಚಟಪಟ ಅಂದರೆ ನೀರು. ಹೊರಗೆ ಮಾಡಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಸಿಡಿಯುತ್ತದೆ.

ನೀರು ಬರುವ ದಾರಿ ಮುಖ್ಯವಾಗಿ ಎರಡು. ಒಂದು ಟ್ಯಾಂಕಿನ ಮೇಲಿನ, ಗಾಳಿ ಆಡುವ ಬ್ರೀದರ್ ಮುಚ್ಚಳ. ಮೆಷಿನ್ ಬಯಲಲ್ಲಿದ್ದರೆ ಅಥವಾ ಹುಡುಗರು ಪ್ರೆಶರ್ ವಾಷರ್ ಹಿಡಿದು ಎಲ್ಲ ಕಡೆ ಹೊಡೆಯುತ್ತಿದ್ದರೆ ಅಲ್ಲಿಂದಲೇ. ಇನ್ನೊಂದು ಸಿಲಿಂಡರ್ ರಾಡ್. ಉಪ್ಪು ಗಾಳಿಗೆ ರಾಡಿನ ಕ್ರೋಮ್ ಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿ ಬೀಳುತ್ತದೆ. ಬೆರಳ ಉಗುರು ಆಡಿಸಿದರೆ ಗೊತ್ತಾಗುತ್ತದೆ, ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ. ಆ ಗುಳಿ ಒಳಹೊರಗೆ ಓಡಾಡಿ ಆಯಿಲ್ ಸೀಲು ಕತ್ತರಿಸುತ್ತದೆ. ಹೋಗುವಾಗ ಆಯಿಲ್ ಹೊರಗೆ, ಬರುವಾಗ ನೀರು ಒಳಗೆ. ಉಗುರು ಆಡಿಸುವುದೂ ಬೀಗ ಹಾಕಿದ ಮೇಲೆಯೇ, ಮತ್ತೆ ಹೇಳಬೇಕಾಗಿಲ್ಲ ಅಲ್ವಾ.

ಆಯಿಲ್ ಪೂರ್ತಿ ಬಸಿದು, ಟ್ಯಾಂಕ್ ಒರೆಸಿ, ಫಿಲ್ಟರ್ ಬದಲಿಸಿ. ಸಿಲಿಂಡರಿನಲ್ಲಿ, ಪೈಪಿನಲ್ಲಿ ಹಳೆಯದು ಉಳಿದೇ ಇರುತ್ತದೆ. ಹಾಗಾಗಿ ಕೆಲವು ದಿನ ಓಡಿಸಿ ಇನ್ನೊಮ್ಮೆ ಬದಲಿಸಬೇಕಾಗಬಹುದು. 46 ಅಥವಾ 68 ನಂಬರ್ ಆಯಿಲ್, ಮೆಷಿನ್ನಿನ ವಿವರದ ಪಟ್ಟಿಯ ಮೇಲೆ ಬರೆದಿದ್ದೇ ಹಾಕಿ. ಬಟ್ಟೆಯ ನೂಲು ಟ್ಯಾಂಕಿನಲ್ಲಿ ಬಿಡಬೇಡಿ, ವಾಲ್ವಿಗೆ ಹೋಗುತ್ತದೆ.

ರಾತ್ರಿ ಮೆಷಿನ್ ಬಿಡುವಾಗ ಪ್ಲೇಟು ಹಿಂದಕ್ಕೆ ತಂದು ಬಿಡಿ. ರಾಡ್ ಸಿಲಿಂಡರ್ ಒಳಗೇ ಇರುತ್ತದೆ, ಉಪ್ಪು ತಾಗುವುದಿಲ್ಲ.

ಭಟ್ಕಳ ಟು ದುಬೈ

ನಾವು ಉಲ್ಟಾ ಮಾಡುತ್ತೇವೆ. ಪ್ಲೇಟು ಮುಂದೆ ಬಿಡುತ್ತೇವೆ. ಇಲ್ಲದಿದ್ದರೆ ಒತ್ತಿದ ಕಸ ಉಬ್ಬಿ ವಾಪಸ್ ಬರುತ್ತದೆ, ವಾಸನೆ, ಇಲಿ ಬೇರೆ.

ಬೈತಖೋಲ್ ಬೋಟು

ನಿಮ್ಮದು ಎಸಿ ನೆಲಮಾಳಿಗೆ ತಮ್ಮಾ. ಇಲ್ಲಿ ಸಮುದ್ರ ಗಾಳಿ ಇಪ್ಪತ್ನಾಲ್ಕು ಗಂಟೆ. ಇಲಿಗೆ ಬಾಗಿಲು ಮುಚ್ಚಿದರೆ ಆಯಿತು. ಒಂದು ರಾಡ್‌ಗೆ ಮತ್ತೆ ಕ್ರೋಮ್ ಹಾಕಿಸಲು ಹುಬ್ಬಳ್ಳಿಗೆ ಕಳಿಸಿ ನೋಡಿ, ಆಮೇಲೆ ಹೇಳಿ.

ಸುಂಗಟೆ ಸಾರು

ಬೆಕ್ಕು ಒಳಗೆ ಮಲಗಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿ ಹಿಡಿದು ಬಗ್ಗಿ ನೋಡಿ. ತಮಾಷೆ ಅಲ್ಲ.

ಕೋಡಿಬಾಗ ಫಿಟ್ಟರ್

ಬೋಟಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪೈಪ್ ಎಲ್ಲಿ ಸೋರುತ್ತಿದೆ ಅಂತ ಕೈ ಆಡಿಸಿ ಹುಡುಕಬೇಡಿ. ಹೋಸ್ ಪೈಪಿನ ಸೂಜಿಮೊನೆಯಷ್ಟು ತೂತಿನಿಂದ ಹಾರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಅದಕ್ಕೆ 100 ಪಿಎಸ್‌ಐ ಒತ್ತಡ ಸಾಕು, ಈ ಮೆಷಿನ್ನಲ್ಲಿ 2000 ಇರುತ್ತದೆ (ದುಬೈ ತಮ್ಮ ಹೇಳಿದ 140 ಬಾರ್ ಅಂದರೆ ಇಷ್ಟೇ). ರಟ್ಟಿನ ತುಂಡು ಹಿಡಿದು ದೂರದಿಂದ ನೋಡಿ, ಒದ್ದೆಯಾದ ಜಾಗವೇ ಸೋರುವ ಜಾಗ. ಯಾರಿಗಾದರೂ ತಾಗಿದರೆ ಸಣ್ಣ ಚುಕ್ಕೆ ಅಷ್ಟೇ, ನೋವೂ ಇರುವುದಿಲ್ಲ ಅಂತ ಬ್ಯಾಂಡೇಜ್ ಹಚ್ಚಿ ಮನೆಗೆ ಕಳಿಸಬೇಡಿ. ತಕ್ಷಣ ಆಸ್ಪತ್ರೆ, ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ ಅಂತ ಸ್ಪಷ್ಟವಾಗಿ ಹೇಳಬೇಕು. ಆಪರೇಷನ್ ಆಗಬೇಕಾಗುತ್ತದೆ. ತಡವಾದರೆ ಬೆರಳು ಉಳಿಯುವುದಿಲ್ಲ.

ಸದಾಶಿವಗಡ ಅಕ್ಕ

ಎಲ್ಲರೂ ಮೆಷಿನ್ ಬಗ್ಗೆ ಹೇಳಿದಿರಿ, ಒಳಗೆ ಏನು ಹಾಕುತ್ತಿದ್ದೀರಿ ಅಂತ ಯಾರೂ ಕೇಳಲಿಲ್ಲ. ನಮ್ಮ ಸಂಘದವರು ಒಣ ಕಸ ಬೇರ್ಪಡಿಸುವ ಕೆಲಸ ಮಾಡುತ್ತೇವೆ. ಮದುವೆ ಹಾಲ್‌ನಿಂದ ಬರುವ ಚೀಲದಲ್ಲಿ ಏನೇನು ಇರುತ್ತದೆ ನಾವು ನೋಡಿದ್ದೇವೆ. ವಧೂವರರ ಮೇಲೆ ನೊರೆ ಹೊಡೆಯುವ ಸ್ಪ್ರೇ ಡಬ್ಬಿ, ಅರ್ಧ ಖಾಲಿಯಾದ ಲೈಟರ್, ಮೊಬೈಲ್ ಪವರ್ ಬ್ಯಾಂಕ್, ಟ್ರೆಕ್ಕಿಂಗ್‌ಗೆ ಬಂದವರು ಬಿಟ್ಟು ಹೋಗುವ ಸಣ್ಣ ಗ್ಯಾಸ್ ಡಬ್ಬಿ. ಇವನ್ನು ಆ ಪ್ಲೇಟಿನಡಿ ಕೊಟ್ಟರೆ ಒಂದು ಸಿಡಿಯುತ್ತದೆ, ಇನ್ನೊಂದಕ್ಕೆ ಬೆಂಕಿ ಹಿಡಿಯುತ್ತದೆ. ಪವರ್ ಬ್ಯಾಂಕ್ ಜಜ್ಜಿದ ಕೂಡಲೇ ಹೊಗೆ ಬರಬೇಕೆಂದಿಲ್ಲ, ಗಂಟೆ ಕಳೆದು ಡಬ್ಬದ ಮಧ್ಯದಲ್ಲಿ ಶುರುವಾಗುತ್ತದೆ.

ಹಸಿ ಕಸ ಬೇರೆ ಮಾಡಿ. ಎಳನೀರು ಬುರುಡೆ ಒತ್ತಿದರೆ ಮತ್ತೆ ಉಬ್ಬುತ್ತದೆ, ಮೆಷಿನ್‌ಗೆ ದಂಡ. ಸೀಳಿ ಒಣಗಿಸಿ ತೋಟಕ್ಕೆ ಹಾಕಿ. ಒಣ ಕಸ ಚೊಕ್ಕ ಇದ್ದರೆ ದುಡ್ಡೂ ಬರುತ್ತದೆ. 2016ರ ಘನತ್ಯಾಜ್ಯ ನಿಯಮದಲ್ಲಿ ದಿನಕ್ಕೆ ಸರಾಸರಿ 100 ಕಿಲೋ ಮೀರಿದರೆ ದೊಡ್ಡ ಪ್ರಮಾಣದ ಕಸದವರು ಅಂತಲೇ ಲೆಕ್ಕ ಇತ್ತು. ನಿಮ್ಮ ಹಾಲ್ ಒಂದು ಮದುವೆಗೇ ಅಷ್ಟು ಮಾಡುತ್ತದೆ.

ಮತ್ತೆ ಆ ಹುಡುಗನಿಗೆ ವಯಸ್ಸೆಷ್ಟು?

ಅಘನಾಶಿನಿ ದಂಡೆ

ಅಕ್ಕಾ, ಹದಿನೇಳು ನಡೆಯುತ್ತಿದೆ. ನಮ್ಮದು ಕಾರ್ಖಾನೆ ಅಲ್ಲ, ಹೋಟೆಲ್. ಇನ್‌ಸ್ಪೆಕ್ಟರ್ ಬರುವ ಪೈಕಿ ಅಲ್ಲ.

ಸದಾಶಿವಗಡ ಅಕ್ಕ

ನಾನು ಇನ್‌ಸ್ಪೆಕ್ಟರ್ ಬಗ್ಗೆ ಕೇಳಲಿಲ್ಲವಲ್ಲ ತಮ್ಮಾ.

ಭಟ್ಕಳ ಟು ದುಬೈ

ಅಣ್ಣ, 2025ರ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ ಹೋಟೆಲನ್ನು ಹೊರಗಿಟ್ಟಿದ್ದು ನಿಜ. ಆದರೆ ಅದೇ ಕಾಯ್ದೆಯ 23ನೇ ಕಲಂ ಅಪಾಯದ ಮೆಷಿನ್‌ಗೆ ಎಳೆಯ ಹುಡುಗರನ್ನು ತರಬೇತಿ, ಮೇಲ್ವಿಚಾರಣೆ ಇಲ್ಲದೆ ನಿಲ್ಲಿಸಬಾರದು ಅಂತ ಸುಮ್ನೆ ಬರೆದಿದ್ದಲ್ಲ. ಅಮೆರಿಕದಲ್ಲಿ ಹದಿನೆಂಟು ತುಂಬದವರು ಇಂಥ ಮೆಷಿನ್ ಚಾಲೂ ಮಾಡುವಂತೆಯೇ ಇಲ್ಲ. ಕೈ ಹೋದರೆ ಆಸ್ಪತ್ರೆಗೆ, ಕೋರ್ಟಿಗೆ ಓಡಾಡುವವರು ನಿಮ್ಮ ಮಾವನೇ. ಹುಡುಗನನ್ನು ರಿಸೆಪ್ಷನ್‌ಗೆ ಹಾಕಿ.

ಅಡಿಕೆ ಸಿಪ್ಪೆ

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಆದಾಗ ಕಸದ ಲಾರಿ ನೋಡಬೇಕು ನೀವು. ಹಿಂದಿನಿಂದ ತುಂಬಿ ಒತ್ತುವ ಲಾರಿ. ಪಾಪ, ಪೌರಕಾರ್ಮಿಕರು ಅದರ ಹಿಂದಿನ ಮೆಟ್ಟಿಲ ಮೇಲೆ ನಿಂತೇ ಲಾರಿ ರಿವರ್ಸ್ ಹೋಗುತ್ತದೆ. ಅದಕ್ಕೇನಾದರೂ ನಿಯಮ ಇದೆಯಾ?

ಕೋಡಿಬಾಗ ಫಿಟ್ಟರ್

ರಿವರ್ಸ್ ಹೋಗುವಾಗ ಮೆಟ್ಟಿಲ ಮೇಲೆ ಯಾರೂ ನಿಲ್ಲಬಾರದು. ಇಳಿದು, ಡ್ರೈವರಿಗೆ ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಂತು ಸನ್ನೆ ಮಾಡಬೇಕು. ಕಾಣದಿದ್ದರೆ ಡ್ರೈವರ್ ನಿಲ್ಲಿಸಬೇಕು. ಇನ್ನೂ ದೊಡ್ಡ ಅಪಾಯ ಗ್ಯಾರೇಜಿನಲ್ಲಿ. ಹಿಂದಿನ ಭಾಗ ಇಡೀ ಮೇಲಕ್ಕೆ ಎತ್ತಿ ಅದರಡಿ ಮೆಕ್ಯಾನಿಕ್ ನುಗ್ಗುತ್ತಾನೆ. ಅದನ್ನು ಎತ್ತಿ ಹಿಡಿದಿರುವುದು ಆಯಿಲ್ ಒಂದೇ. ಪೈಪ್ ಬಿಚ್ಚಿದರೆ ಟನ್‌ಗಟ್ಟಲೆ ಕಬ್ಬಿಣ ಕೆಳಗೆ. ಲಾರಿಯಲ್ಲೇ ಕಬ್ಬಿಣದ ಊರೆಗೋಲು ಇರುತ್ತದೆ, ಅದನ್ನು ಕೊಟ್ಟೇ ಒಳಗೆ ಹೋಗಬೇಕು. ಸುಮಾರು ಲಾರಿಗಳಲ್ಲಿ ಅದು ಬಣ್ಣ ಮಾಸದೆ ಹೊಸದರಂತೆ ಇರುತ್ತದೆ. ಯಾಕೆ ಅಂತ ನೀವೇ ಅರ್ಥ ಮಾಡಿಕೊಳ್ಳಿ.

ಸುಂಗಟೆ ಸಾರು

ಇಷ್ಟೆಲ್ಲ ಯಾಕೆ, ಹಿತ್ತಲಲ್ಲಿ ಬೆಂಕಿ ಹಾಕಿದರೆ ಆಗಲಿಲ್ವಾ?

ಸದಾಶಿವಗಡ ಅಕ್ಕ

ನಿಮ್ಮ ಹಿತ್ತಲ ಹೊಗೆ ಯಾರ ಮನೆ ಅಡುಗೆಮನೆಗೆ ಹೋಗುತ್ತದೆ ಅಂತ ಪಕ್ಕದ ಮನೆಯವರನ್ನು ಕೇಳಿ.

ಬೈತಖೋಲ್ ಬೋಟು

ಮೀನಿನ ಕಸ ಹಾಕುತ್ತೀರಾ ಅದಕ್ಕೆ?

ಅಘನಾಶಿನಿ ದಂಡೆ

ಹೋಟೆಲಿನ ಮೀನಿನ ತಲೆ, ಸಿಪ್ಪೆ ಸ್ವಲ್ಪ ಹೋಗುತ್ತದೆ.

ಬೈತಖೋಲ್ ಬೋಟು

ನಿಲ್ಲಿಸಿ. ಮುಚ್ಚಿದ ಡಬ್ಬದಲ್ಲಿ ಮೀನು ಕೊಳೆತರೆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಬರುತ್ತದೆ, ಹೈಡ್ರೋಜನ್ ಸಲ್ಫೈಡ್. ಬೋಟಿನ ಮೀನು ತುಂಬುವ ಕೋಣೆಯಲ್ಲಿ ನಮಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಸ್ವಲ್ಪ ಇದ್ದಾಗ ವಾಸನೆ ಬರುತ್ತದೆ. ಜಾಸ್ತಿ ಆದಾಗ ಮೂಗೇ ಕೆಲಸ ನಿಲ್ಲಿಸುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಅಂತ ಇಳಿದವನು ಅಲ್ಲೇ ಬೀಳುತ್ತಾನೆ. ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ಡಬ್ಬದೊಳಗೆ ಯಾರನ್ನೂ ಇಳಿಸಬೇಡಿ, ಚಮಚ ಬಿದ್ದಿದೆ ಅಂತಲೂ.

ಅಘನಾಶಿನಿ ದಂಡೆ (ಗುರುವಾರ ಸಂಜೆ)

ಅಪ್‌ಡೇಟ್. ಹಿಂದಿನ ಮುಚ್ಚಳ ತೆಗೆಸಿದೆವು. ಮೆಷಿನ್ ಗೋಡೆಯಿಂದ ಜರುಗಿಸಲಿಕ್ಕೇ ಅರ್ಧ ದಿನ ಹೋಯಿತು. ಫಿಟ್ಟರ್ ಹೇಳಿದ್ದು ಅಕ್ಷರಶಃ ಸರಿ. ಬಾಳೆ ಎಲೆ, ರಟ್ಟು, ಪ್ಲಾಸ್ಟಿಕ್ ಕ್ರೇಟಿನ ಚೂರು ಎಲ್ಲ ಸೇರಿ ಕಲ್ಲಾಗಿತ್ತು. ಮಧ್ಯದಲ್ಲಿ ಹನ್ನೊಂದು ಸ್ಟೀಲ್ ಲೋಟ, ಒಂದು ಇಡೀ ಬಾಸಿಂಗ. ಈಗ ಪ್ಲೇಟು ಕೊನೆ ತನಕ ಬರುತ್ತದೆ, ಟ್ರಿಪ್ ಇಲ್ಲ. ಬ್ರೀದರ್ ಮುಚ್ಚಳ ಒಡೆದಿತ್ತು, ಹೊಸದು ಹಾಕಿದೆ, ಮೇಲೆ ತಗಡಿನ ಮಾಡು ಮಾಡಿಸುತ್ತಿದ್ದೇನೆ. ಹುಡುಗ ಈಗ ರೂಮ್ ಸರ್ವೀಸ್.

ತಂತಿ ಬಿಚ್ಚಿದ್ದೇವೆ. ಆದರೆ ಮಾವ ಹೇಳುವುದು, ಮದುವೆ ಸೀಸನ್ನಿನಲ್ಲಿ ರಶ್ ಇದ್ದಾಗ ಬೇಕಾಗಬಹುದು, ಬಾಗಿಲ ಸ್ವಿಚ್ಚಿಗೆ ಒಂದು ಬೈಪಾಸ್ ಕೀ ಹಾಕಿಸಿ ಅವರ ಹತ್ತಿರವೇ ಇಟ್ಟುಕೊಳ್ಳುತ್ತಾರಂತೆ. ಮಾಲಕರ ಕೈಯಲ್ಲಿದ್ದರೆ ಪರವಾಗಿಲ್ಲ ಅಲ್ವಾ?

ಕೋಡಿಬಾಗ ಫಿಟ್ಟರ್

ಪರವಾಗಿದೆ. ಮದುವೆ ಊಟದ ಹೊತ್ತಿಗೆ ಮಾವ ಮಂಟಪದಲ್ಲಿ ಇರುತ್ತಾರೆ, ಕೀ ಅಡುಗೆ ಭಟ್ಟರ ಕೈಯಲ್ಲಿ ಇರುತ್ತದೆ. ಬೈಪಾಸ್ ಬೇಡ.

ಮೂರು ಫೇಸ್

ಹಾಕಿಸುವ ಎಲೆಕ್ಟ್ರಿಷಿಯನ್ ಸಿಕ್ಕರೆ ನನ್ನ ನಂಬರ್ ಕೊಡಿ, ನಾನು ಮಾತಾಡುತ್ತೇನೆ. ಬೇಕಾದರೆ ರಶ್‌ಗೆ ಇನ್ನೊಂದು ಚಕ್ರದ ಡಬ್ಬ ತಂದು ಪಕ್ಕಕ್ಕೆ ಇಡಲಿ, ಅದಕ್ಕೆ ಕಡಿಮೆ ಖರ್ಚು.

ಅಡಿಕೆ ಸಿಪ್ಪೆ

ಮಾವನನ್ನೇ ಇಲ್ಲಿಗೆ ಕರೆಯಿರಿ.

ಅಘನಾಶಿನಿ ದಂಡೆ

ಅವರು ವಾಟ್ಸಾಪ್ ಬಿಟ್ಟು ಬೇರೆ ಏನೂ ನೋಡುವುದಿಲ್ಲ. ಸ್ಕ್ರೀನ್‌ಶಾಟ್ ಕಳಿಸಿದ್ದೇನೆ, ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ. ಮೆಷಿನ್‌ನಿಂದ ಬಸಿದ ಹಳೇ ಆಯಿಲ್ ಒಂದು ಬ್ಯಾರೆಲ್ ಉಳಿದಿದೆ. ಕಾಂಕ್ರೀಟ್ ಹಾಕುವ ಸೆಂಟ್ರಿಂಗ್ ಶೀಟಿಗೆ ಬಳಿಯಲು ಕೊಡಿ ಅಂತ ಒಬ್ಬರು ಕೇಳುತ್ತಿದ್ದಾರೆ. ಕೊಡಬಹುದಾ?

ಬೈತಖೋಲ್ ಬೋಟು

ಕೊಡಬೇಡಿ, ಗಟಾರಕ್ಕೂ ಬೇಡ. ಮಳೆ ನೀರಿಗೆ ಸೇರಿ ಸೀದಾ ಅಘನಾಶಿನಿ ಹೊಳೆಗೇ ಹೋಗುತ್ತದೆ, ಅಲ್ಲಿ ತಿನ್ನಲು ಬಳಚು (ಚಿಪ್ಪಿನ ಜೀವಿ) ತೆಗೆಯುವವರು ಇದ್ದಾರೆ. ಹಳೇ ಆಯಿಲ್ ಪರವಾನಗಿ ಇದ್ದವರೇ ಒಯ್ಯಬೇಕು. ದೊಡ್ಡ ಗ್ಯಾರೇಜುಗಳಿಗೆ ಅವರ ಗಾಡಿ ಬರುತ್ತದೆ, ಅಲ್ಲಿ ವಿಚಾರಿಸಿ. ಅಲ್ಲಿವರೆಗೆ ಬ್ಯಾರೆಲ್ ಮುಚ್ಚಿ ಮಾಡಿನಡಿ ಇಡಿ, ಮೇಲೆ ದೊಡ್ಡದಾಗಿ ಬರೆಯಿರಿ.

ಸುಂಗಟೆ ಸಾರು

ಹನ್ನೊಂದು ಲೋಟ ತೊಳೆದು ಮತ್ತೆ ಬಳಸುತ್ತಿಲ್ಲ ತಾನೆ?